ಆಜ್ಞೆಯ ಗೋಪ್ಯತೆಯೂ ವಾಕ್‌ಸ್ವಾತಂತ್ರ್ಯವೂ

ಸಾಮಾಜಿಕ ಜಾಲತಾಣಗಳ ಬರಹವನ್ನು ತಡೆಹಿಡಿಯುವ ಅಧಿಕಾರವನ್ನು ಕುರಿತು ಕರ್ನಾಟಕ ಉಚ್ಚ ನ್ಯಾಯಾಲಯವು 2023ರ ಜೂನ್ 30ರಂದು ಕೊಟ್ಟ ತೀರ್ಪು ಕೇವಲ ನ್ಯಾಯವಾದಿಗಳಿಗೆ ಸೇರಿದ ವಿಷಯವಲ್ಲ. ಪ್ರಭುತ್ವಕ್ಕೂ ಪ್ರಜೆಯ ಮಾತಿಗೂ ಇರುವ ಸಂಬಂಧವನ್ನು ಅಭ್ಯಾಸಮಾಡುವ ನಾವೂ ಅದನ್ನು ವಿಮರ್ಶಿಸಬೇಕಾಗಿದೆ.

ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನ ಮೇರೆಗೆ ಕೇಂದ್ರ ಸರ್ಕಾರವು 2021 ಮತ್ತು 2022ರಲ್ಲಿ ಹೊರಡಿಸಿದ ಕೆಲವು ತಡೆಯಾಜ್ಞೆಗಳನ್ನು ಟ್ವಿಟರ್ ಸಂಸ್ಥೆ ಪ್ರಶ್ನಿಸಿತ್ತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅರ್ಜಿಯನ್ನು ವಜಾಮಾಡಿ, ಸಂಸ್ಥೆಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರ ಮೇಲೆ ಮೇಲ್ಮನವಿಯೂ ಸಲ್ಲಿಕೆಯಾಯಿತು. ಆಜ್ಞೆಗಳನ್ನು ಸಕಾಲದಲ್ಲಿ ಪಾಲಿಸದ ಸಂಸ್ಥೆಯ ನಡತೆಯನ್ನು ನಾವು ಸಮರ್ಥಿಸುವುದಿಲ್ಲ. ನಮ್ಮ ಆಕ್ಷೇಪಣೆ ಬೇರೆಯದು.

2009ರ ನಿಯಮಗಳು ನೋಟೀಸನ್ನು ಬರೆದ ವ್ಯಕ್ತಿಗೆ ‘ಅಥವಾ’ ಮಧ್ಯವರ್ತಿ ಸಂಸ್ಥೆಗೆ ಕೊಡತಕ್ಕದ್ದೆನ್ನುತ್ತವೆ. ಬರೆದವನಿಗೆ ತಿಳಿಸಲೇಬೇಕಾದುದಿಲ್ಲವೆಂದು ನ್ಯಾಯಾಲಯವು ಅರ್ಥಮಾಡಿತು. 16ನೆಯ ನಿಯಮವು ದೂರನ್ನೂ ಕೈಗೊಂಡ ಕ್ರಮವನ್ನೂ ಗೋಪ್ಯವಾಗಿಡುತ್ತದೆ. ಇನ್ನು 2025ರ ಸೆಪ್ಟೆಂಬರ್ 24ರಂದು ‘ಸಹಯೋಗ್’ ಪೋರ್ಟಲಿನ ವಿರುದ್ಧ ಅದೇ ಸಂಸ್ಥೆ (ಆ ವೇಳೆಗೆ ಅದರ ಹೆಸರು ಎಕ್ಸ್) ಹೂಡಿದ್ದ ಅರ್ಜಿಯನ್ನು ವಜಾಮಾಡಿದ ನ್ಯಾಯಮೂರ್ತಿ ಎಂ. ನಾಗಪ್ರಸನ್ನರು, ಸಂವಿಧಾನದ 19ನೆಯ ವಿಧಿಯ ರಕ್ಷಣೆ ನಾಗರಿಕರಿಗೆ ಮಾತ್ರವೆಂದರು. ಬಿಡಿಬಿಡಿಯಾಗಿ ಈ ಮಾತುಗಳಿಗೆ ಆಧಾರವುಂಟು. ಕೂಡಿಸಿ ನೋಡಿದರೆ ಫಲವೇನು? ಆಜ್ಞೆಯನ್ನು ಬಲ್ಲ ಸಂಸ್ಥೆಗೆ ಹಕ್ಕಿಲ್ಲ. ಹಕ್ಕುಳ್ಳ ನಾಗರಿಕನಿಗೆ ಆಜ್ಞೆಯೇ ತಿಳಿಯದು.

ದುದ್ದದ ರೈತನೊಬ್ಬನು ನಾಲೆಯ ನೀರಿನ ವಿಷಯ ಬರೆದನೆಂದೂ, ಅದು ಒಂದು ದಿನ ಕಾಣದಾಯಿತೆಂದೂ ಭಾವಿಸೋಣ. ತೆಗೆಸಿದ್ದು ಸರ್ಕಾರವೋ, ಸಂಸ್ಥೆಯೋ, ಯಂತ್ರದ ಪ್ರಮಾದವೋ ಎಂಬುದನ್ನೇ ಅರಿಯದವನು ಯಾರ ಮೇಲೆ ದಾವೆ ಹೂಡಬೇಕು? 2015ರ ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 69ಎ ಕಲಮನ್ನು ಎತ್ತಿಹಿಡಿದಾಗ, ಕಾರಣಗಳನ್ನು ಬರೆದಿಡಬೇಕು, ಅವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದನ್ನು ಒಂದು ರಕ್ಷಣೆಯಾಗಿ ಎಣಿಸಿತು. ತೋರಿಸದ ಕಾರಣವನ್ನು ಪ್ರಶ್ನಿಸುವುದೆಂತು?

ಮೈಸೂರು ಸಂಸ್ಥಾನದ 1908ರ ವೃತ್ತಪತ್ರಿಕಾ ಶಾಸನವು ಕಠೋರವಾದುದು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆದರೆ ಆ ಶಾಸನ ಬಹಿರಂಗವಾಗಿತ್ತು; ಯಾವ ದನಿ ಏಕೆ ನಿಂತಿತೆಂಬುದನ್ನು ಓದುಗರು ಬಲ್ಲವರಾಗಿದ್ದರು. ಆದ್ದರಿಂದಲೇ ಇಂದು ನಾವು ಆ ಸರ್ಕಾರದ ಗುಣದೋಷಗಳನ್ನು ತೂಗಿ ನೋಡಬಲ್ಲೆವು. ಗುಪ್ತವಾದ ಆಜ್ಞೆಯು ಇಂದಿನ ನ್ಯಾಯಾಲಯದಿಂದ ಮಾತ್ರವಲ್ಲ, ನಾಳಿನ ಇತಿಹಾಸದಿಂದಲೂ ತಪ್ಪಿಸಿಕೊಳ್ಳುತ್ತದೆ.

ತಡೆಯೇ ಬೇಡವೆಂಬುದು ನಮ್ಮ ವಾದವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಾಪಿನ ಮೂಲಕ ಹಬ್ಬಿದ ಮಕ್ಕಳ ಕಳ್ಳರ ವದಂತಿಯಿಂದ ನಿರಪರಾಧಿ ಯುವಕನೊಬ್ಬನು ಗುಂಪಿನ ಏಟಿಗೆ ಬಲಿಯಾದನು. ಇಂಥ ಸಂದರ್ಭಗಳಲ್ಲಿ ತ್ವರೆ ಅವಶ್ಯ. ತುರ್ತು ತಡೆಗೆ 9ನೆಯ ನಿಯಮವೂ ಇದೆ. ಆದರೆ ಮೊದಲು ತಡೆದು ಬಳಿಕ ತಿಳಿಸಲು ಅಡ್ಡಿಯೇನು? 2021ರ ನಿಯಮಗಳಂತೆ ದೊಡ್ಡ ಸಂಸ್ಥೆಗಳು ತಾವಾಗಿ ಬರಹವನ್ನು ತೆಗೆಯುವಾಗ ಬರೆದವನಿಗೆ ಕಾರಣ ತಿಳಿಸತಕ್ಕದ್ದು. ವ್ಯಾಪಾರಿಯ ಮೇಲೆ ಹೊರಿಸಿದ ಈ ಕರ್ತವ್ಯವನ್ನು ಸರ್ಕಾರವು ತಾನೂ ಹೊರಬೇಕೆಂಬುದೇ ನಮ್ಮ ಅಭಿಪ್ರಾಯ.