ಕೈಪಿಡಿಯಲ್ಲಿಲ್ಲದ ಬುತ್ತಿ

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ಪ್ರವಾಸಿ ಕೈಪಿಡಿಗಳನ್ನು ನಾನು ಕಾದಂಬರಿಯ ಹಾಗೆ ಓದುತ್ತೇನೆ. ಅವಕ್ಕೂ ಒಬ್ಬ ನಾಯಕನಿರುತ್ತಾನೆ. ಅವನಿಗೆ ಹಸಿವಾಗುವುದಿಲ್ಲ, ಬಗಲಲ್ಲಿ ಕೂಸಿಲ್ಲ, ಜೊತೆಗೆ ಮಂಡಿನೋವಿನ ಅತ್ತೆಯಿಲ್ಲ. ಕ್ಯಾಮೆರಾ ಹಿಡಿದು ಒಂದೇ ದಿನದಲ್ಲಿ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಮುಗಿಸಿಬಿಡುತ್ತಾನೆ.

ಈ ಪುಸ್ತಕಗಳು ಉಪಯೋಗಕ್ಕೆ ಬಾರವೆಂದು ನಾನು ಹೇಳಲಾರೆ. ಬಾದಾಮಿ ಸ್ಟೇಷನ್ನಿನಿಂದ ಊರು ಸುಮಾರು 5 ಕಿಲೋಮೀಟರ್, ಅಲ್ಲಿಂದ ಪಟ್ಟದಕಲ್ಲು 22, ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ ಎಂಬುದನ್ನೆಲ್ಲ ಅವು ತಪ್ಪಿಲ್ಲದೆ ತಿಳಿಸುತ್ತವೆ. ನನ್ನ ತಕರಾರು ಅವು ಬಿಟ್ಟುಬಿಡುವುದರ ಬಗ್ಗೆ.

ಪಟ್ಟದಕಲ್ಲನ್ನೇ ನೋಡಿ. 1987ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ವಿರೂಪಾಕ್ಷ ದೇವಾಲಯದ ಹೆಸರು ಬಂದಾಗ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ಕಥೆ ಅರ್ಧ ಪುಟ ಹಿಡಿಯುತ್ತದೆ. ಅದನ್ನು ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಆಕೆಯ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ನಾನು ಓದಿದ ಒಂದು ಕೈಪಿಡಿಯಲ್ಲಿ ಈ ಅಕ್ಕತಂಗಿಯರಿಗೆ ಒಂದು ಸಾಲೂ ಸಿಕ್ಕಿಲ್ಲ.

ಬನಶಂಕರಿಯ ಪುಟದಲ್ಲಿಯೂ ಇದೇ ಕಥೆ. ಹರಿದ್ರಾತೀರ್ಥ, ಅದರ ಸುತ್ತಲಿನ ಕಲ್ಲಿನ ಮಂಟಪ, ಬನದ ಹುಣ್ಣಿಮೆಯ ತೇರು ಎಲ್ಲ ಇವೆ. ಕೊನೆಗೆ 'ಊಟದ ವ್ಯವಸ್ಥೆ ಅಷ್ಟಕ್ಕಷ್ಟೆ' ಎಂಬ ಷರಾ! ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಈ ಲೇಖಕರ ಕಣ್ಣಿಗೆ ಬೀಳಲೇ ಇಲ್ಲವೆ? "ಬರ್ರೆವ್ವಾ, ಊಟ ಮಾಡಿ ಹೋಗ್ರಿ" ಎಂದು ಕರೆದು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಬಡಿಸುವವರು ಅವರು. ಬೆಳಗಾಗುವ ಮೊದಲೇ ಒಲೆ ಹೊತ್ತಿಸಿ ರೊಟ್ಟಿ ಬಡಿದು, ಹೊತ್ತು ತಂದು, ಬಂದವರ ಹೊಟ್ಟೆ ತುಂಬಿಸುವ ಅವರ ದುಡಿಮೆಗೆ ಬೋರ್ಡಿಲ್ಲ. ಆದ್ದರಿಂದ ಅದು 'ವ್ಯವಸ್ಥೆ' ಅನ್ನಿಸಿಕೊಳ್ಳಲಿಲ್ಲ.

ಇದು ಬರೀ ಬರವಣಿಗೆಯ ಕೊರತೆಯಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚು ತಪ್ಪಿದ ಮೇಲೆ ನೆರೆಹೊರೆಯವರೆಲ್ಲ ಗುಂಪು ಕಟ್ಟಿಕೊಂಡು ಹೊರಟಿದ್ದೇವೆ. ನಮಗೆ ಬೇಕಾದ ಮಾಹಿತಿಯೇ ಬೇರೆ. ಶುಚಿಯಾದ ಶೌಚಾಲಯ ಎಲ್ಲಿದೆ? ಸಂಜೆಯ ಕಡೆಯ ಬಸ್ಸು ಎಷ್ಟಕ್ಕೆ? ಗುಹೆಯ ಮೆಟ್ಟಿಲು ಹತ್ತಲಾಗದವರು ಎಲ್ಲಿ ಕೂತಿರಬೇಕು? ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ನಡುರಾತ್ರಿ ಹೊರಬಂದ ಹೆಂಗಸರು ಎಲ್ಲಿ ತಂಗಬೇಕು? ಮೊದಲನೆಯ ಪ್ರಶ್ನೆಗೆ ಉತ್ತರ ಸಿಗದೆಯೇ ನಮ್ಮಲ್ಲಿ ಎಷ್ಟೋ ಜನ ಬಿಸಿಲಿನಲ್ಲೂ ಗುಟುಕು ನೀರು ಕುಡಿಯದೆ ಪ್ರಯಾಣ ಮಾಡುತ್ತಾರೆ, ಊರಿಗೆ ಮರಳಿ ಉರಿಮೂತ್ರದಿಂದ ನರಳುತ್ತಾರೆ.

ಹೋಗುವವರಿಗೆ ನನ್ನದೂ ಎರಡು ಮಾತು. ಕಲ್ಲು ಕಾಯುವ ಬೇಸಿಗೆ ಬೇಡ, ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ಒಂದು ದಿನ ಗುಹೆಗಳಿಗೂ ಬನಶಂಕರಿಗೂ, ಇನ್ನೊಂದು ದಿನ ಪಟ್ಟದಕಲ್ಲು, ಐಹೊಳೆಗಳಿಗೆ. ಗುಹೆಯ ಬಳಿ ಮಂಗಗಳ ಕಾಟವಿದೆ, ತಿಂಡಿಯ ಚೀಲ ಕೈಯಲ್ಲಿ ಹಿಡಿಯಬೇಡಿ. ಬನಶಂಕರಿಯಲ್ಲಿ ಊಟಕ್ಕೆ ಬುಟ್ಟಿಯವರ ಮುಂದೆ ಕೂಡಿರಿ, ಚೌಕಾಸಿ ಮಾಡಬೇಡಿ. ಕಡೆಯ ಬಸ್ಸಿನ ಸಮಯವನ್ನೂ ಅವರನ್ನೇ ಕೇಳಿ. ದಿನಾ ಅದೇ ದಾರಿಯಲ್ಲಿ ಓಡಾಡುವವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಹೇಳಿದ್ದನ್ನು ನಿಮ್ಮ ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು, ಮುಂದಿನ ಸಲ ಹೊರಡುವ ಗೆಳತಿಗೆ ಆ ಪ್ರತಿಯನ್ನೇ ಕೊಡಿ.