ಆ್ಯಪ್‌ಗೊಂದು ನ್ಯಾಯ, ಟಿವಿಗೊಂದು ನ್ಯಾಯ

ಕನ್ನಡದ ಒಂದೇ ಧಾರಾವಾಹಿಯನ್ನು ಈಗ ಎರಡು ಕಡೆ ನೋಡಬಹುದು. ವಾಹಿನಿಯ ಆ್ಯಪ್‌ನಲ್ಲಿ ತೆರೆದರೆ ಕಂತು ಶುರುವಾಗುವ ಮೊದಲೇ ಅದು ಯಾವ ವಯಸ್ಸಿನವರಿಗೆ ತಕ್ಕದ್ದೆಂಬ ಗುರುತು ಕಾಣುತ್ತದೆ. ಹಿಂಸೆಯೋ ಒರಟು ಮಾತೋ ಇದ್ದರೆ ಅದೂ ತಿಳಿಯುತ್ತದೆ. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ದರ್ಜೆಗಳನ್ನು ಕಡ್ಡಾಯ ಮಾಡಿವೆ. ಅದೇ ಕಂತು ಅದೇ ಸಂಜೆ ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ಬಂದಾಗ ಇಂಥ ಗುರುತು ತೋರಿಸಬೇಕೆಂಬ ಕಟ್ಟಳೆಯೇ ಇಲ್ಲ. ಕಥೆ ಬದಲಾಗಿಲ್ಲ, ನಟರು ಬದಲಾಗಿಲ್ಲ, ನೋಡುವ ಮಗುವೂ ಬದಲಾಗಿಲ್ಲ. ಬದಲಾದದ್ದು ನೋಡುವ ಯಂತ್ರ ಮಾತ್ರ. ಕೈಯಲ್ಲಿ ಹಿಡಿದು ಒಬ್ಬರೇ ನೋಡುವ ಫೋನಿಗೆ ಮುನ್ಸೂಚನೆ ಇದೆ, ಮನೆಮಂದಿಯೆಲ್ಲ ಕೂತು ನೋಡುವ ಟಿವಿಗೆ ಇಲ್ಲ. ವಯೋಮಾನದ ಗುರುತು ಮೊದಲಾಗಿ ಮನೆಯವರಿಗೆ ಸಲ್ಲಬೇಕಾದ ಮಾಹಿತಿ. ಭಾರತದ ಟಿವಿ ವ್ಯವಸ್ಥೆ ಆ ಮಾಹಿತಿಯನ್ನು ಕೈಬಿಟ್ಟು ಗಡಿಯಾರವನ್ನು ನೆಚ್ಚಿಕೊಂಡಿದೆ, ಅದರ ಮುಖ್ಯ ದೋಷ ಇರುವುದು ಇಲ್ಲಿಯೇ.

ಈ ವ್ಯವಸ್ಥೆ ಒಂದೇ ಸಲಕ್ಕೆ ಆಲೋಚಿಸಿ ಕಟ್ಟಿದ್ದಲ್ಲ. ಸಿನಿಮಾಕ್ಕೆ 1952ರ ಕಾಯ್ದೆ ಇತ್ತು. ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ 1970ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಚಿತ್ರಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಪಾಲಕರ ವಿವೇಚನೆಗೆ ಬಿಡುವ ಯು/ಎ ದರ್ಜೆ ಸೇರಿದ್ದು 1983ರಲ್ಲಿ. ಖಾಸಗಿ ವಾಹಿನಿಗಳು ಬಂದ ಮೇಲೆ 1995ರ ಕೇಬಲ್ ಟಿವಿ ಜಾಲ ಕಾಯ್ದೆ ಮತ್ತು ಅದರ ಕಾರ್ಯಕ್ರಮ ಸಂಹಿತೆ ಬಂದವು. ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು ಅತಿ ಹೆಚ್ಚು ಮಕ್ಕಳು ನೋಡುವ ಹೊತ್ತಿನಲ್ಲಿ ಪ್ರಸಾರ ಮಾಡಬಾರದು ಎಂದು ಸಂಹಿತೆ ಹೇಳುತ್ತದೆ. ಆ ಹೊತ್ತು ಯಾವುದೆಂದು ಹೇಳುವುದಿಲ್ಲ. 2005-06ರಲ್ಲಿ ಪ್ರತಿಭಾ ನೈತಾನಿ ಅವರ ಅರ್ಜಿಯ ಮೇಲೆ ಮುಂಬೈ ಹೈಕೋರ್ಟ್ ಕಟ್ಟುನಿಟ್ಟಾದ ಬಳಿಕ ಟಿವಿಗೆ ಬರುವ ಚಲನಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರದ ಷರತ್ತು ಬಿಗಿಯಾಯಿತು. ಧಾರಾವಾಹಿ, ರಿಯಾಲಿಟಿ ಷೋಗಳ ಪಾಲಿಗೆ 2011ರಲ್ಲಿ ವಾಹಿನಿಗಳ ಒಕ್ಕೂಟವೇ ಮಾರ್ಗಸೂಚಿ ಬರೆದುಕೊಂಡಿತು. ಎಲ್ಲರೂ ನೋಡಬಹುದಾದದ್ದು ಜಿ. ನಿರ್ಬಂಧಿತವಾದದ್ದು ಆರ್, ಅದಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗಿನ ಹೊತ್ತು. ದೂರು ಕೇಳಲು ನಿವೃತ್ತ ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯಲ್ಲಿ ಒಂದು ಮಂಡಳಿಯೂ ರಚನೆಯಾಯಿತು.

ಈ ಎರಡೇ ದರ್ಜೆಯ ವಿಂಗಡಣೆಯನ್ನು ಹತ್ತಿರದಿಂದ ನೋಡಬೇಕು. ಜಿ ದರ್ಜೆಯ ವಿವರಣೆಯೊಳಗೆ ಎರಡು ಬೇರೆ ವಸ್ತುಗಳನ್ನು ಒಟ್ಟಿಗೆ ಸೇರಿಸಲಾಗಿದೆ: ಯಾರು ಬೇಕಾದರೂ ನೋಡಬಹುದಾದವು, ಪಾಲಕರ ಮಾರ್ಗದರ್ಶನದಲ್ಲಿ ನೋಡಬೇಕಾದವು. ಮಾರ್ಗದರ್ಶನ ಮಾಡಬೇಕಾದ ತಾಯಿಗೆ ಇದು ಯಾವ ಬಗೆಯದೆಂದು ಹೇಳುವವರು ಯಾರು? ಐದು ವರ್ಷದ ಮಗುವಿನ ಹಾಡಿನ ಸ್ಪರ್ಧೆಯೂ ಸೊಸೆಗೆ ವಿಷ ಹಾಕುವ ಸಂಚಿನ ಕಂತೂ ಒಂದೇ ಜಿ ಅಡಿಯಲ್ಲಿ ಬರಬಹುದು. ಆ ಜಿ ಅಕ್ಷರವಾದರೂ ಪರದೆಯ ಮೂಲೆಯಲ್ಲಿ ಕಡ್ಡಾಯವಾಗಿ ಇರಬೇಕೆಂದಿಲ್ಲ. ಹೀಗಾಗಿ ವಿಂಗಡಣೆ ವಾಹಿನಿಯ ಕಡತದೊಳಗೆ ಉಳಿಯುತ್ತದೆ, ಪಡಸಾಲೆಗೆ ತಲುಪುವುದಿಲ್ಲ.

ಉಳಿದದ್ದು ಗಡಿಯಾರ. ರಾತ್ರಿ 11ಕ್ಕೆ ಮಕ್ಕಳು ಬೇರೆ ಕೋಣೆಯಲ್ಲಿ ಮಲಗಿರುತ್ತಾರೆ, ಟಿವಿ ಇನ್ನೊಂದು ಕೋಣೆಯಲ್ಲಿರುತ್ತದೆ ಎಂಬ ಊಹೆಯ ಮೇಲೆ ಇದು ನಿಂತಿದೆ. ಈ ಊಹೆಯನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ ಉಪವಿಭಾಗದ ಮನೆಗಳಿಗೆ ಹಚ್ಚಿ ನೋಡಿದರೆ ಅದರ ಕೊರತೆ ಗೊತ್ತಾಗುತ್ತದೆ. ರಬಕವಿ-ಬನಹಟ್ಟಿ ವಿದ್ಯುತ್ ಮಗ್ಗಗಳ ಊರು. ಎಷ್ಟೋ ನೇಕಾರರಿಗೆ ಮನೆಯೇ ಕಾರ್ಖಾನೆ. ಮಗ್ಗ, ಅಡುಗೆ, ಓದು, ನಿದ್ದೆ ಎಲ್ಲವೂ ಒಂದೇ ಸೂರಿನಡಿ ನಡೆಯುವಲ್ಲಿ ಟಿವಿಗೆ ಪ್ರತ್ಯೇಕ ಜಾಗವೂ ಇಲ್ಲ, ಪ್ರತ್ಯೇಕ ಹೊತ್ತೂ ಇಲ್ಲ. ಮುಧೋಳ, ಜಮಖಂಡಿ, ಬೀಳಗಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳು ರಾತ್ರಿ ಪಾಳಿಯಲ್ಲೂ ನಡೆಯುತ್ತವೆ. ಪಾಳಿ ಮುಗಿಸಿ ಬಂದವರು ಟಿವಿ ಹಚ್ಚುವ ವೇಳೆಗೂ ಮಕ್ಕಳು ಮಲಗುವ ವೇಳೆಗೂ ದೆಹಲಿಯಲ್ಲಿ ಬರೆದ ವೇಳಾಪಟ್ಟಿ ಹೊಂದಬೇಕೆಂದೇನಿಲ್ಲ. ಸೆಟ್-ಟಾಪ್ ಬಾಕ್ಸಿಗೆ ಬೀಗ ಹಾಕಬಹುದಲ್ಲ ಎನ್ನಬಹುದು. ಆದರೆ ಆ ಬೀಗ ಇಡೀ ವಾಹಿನಿಗೆ ಬೀಳುತ್ತದೆ. ಕಾರ್ಯಕ್ರಮಕ್ಕೆ ಗುರುತೇ ಇಲ್ಲದಿರುವಾಗ ಬಾಕ್ಸು ತಾನೇ ಯಾವುದನ್ನು ಆರಿಸಿ ತಡೆದೀತು? ಅಕ್ಕಪಕ್ಕದ ಮಹಾರಾಷ್ಟ್ರದ ಮರಾಠಿ ವಾಹಿನಿಗಳನ್ನೂ ಹಿಂದಿ ವಾಹಿನಿಗಳನ್ನೂ ನೋಡುವ ಮನೆಗಳು ಈ ಗಡಿಸೀಮೆಯಲ್ಲಿ ಹಲವಾರು. ಭಾಷೆ ಪೂರ್ತಿ ಬಾರದ ಕಾರ್ಯಕ್ರಮದ ಬಗ್ಗೆ ಮೊದಲೇ ತಿಳಿಯಲು ಚಿತ್ರರೂಪದ ಗುರುತು ಇವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು.

ಬೇರೆ ದೇಶಗಳು ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಬ್ರಿಟನ್ನಿನದು ನಮ್ಮ ಹಾಗೆ ಗಡಿಯಾರದ ದಾರಿ: ರಾತ್ರಿ 9ರಿಂದ ಬೆಳಗಿನ 5.30ರ ತನಕ ಮಾತ್ರ ದೊಡ್ಡವರ ವಸ್ತು. ಅಲ್ಲಿ ಆಫ್‌ಕಾಮ್ ಎಂಬ ಬಲವಾದ ನಿಯಂತ್ರಕ ಸಂಸ್ಥೆ ಬೆನ್ನಿಗಿದೆ, ತಪ್ಪಿದ ವಾಹಿನಿಗೆ ದಂಡ ಬೀಳುತ್ತದೆ. ಅಮೆರಿಕ ಬೀಗದ ದಾರಿ ಹಿಡಿಯಿತು. 1996ರ ದೂರಸಂಪರ್ಕ ಕಾಯ್ದೆಯಿಂದ ಕಾರ್ಯಕ್ರಮವನ್ನು ತಡೆಯುವ ವಿ-ಚಿಪ್ ಬಂತು, 2000ದಿಂದ 13 ಇಂಚಿನ ಮತ್ತು ಅದಕ್ಕೂ ದೊಡ್ಡ ಹೊಸ ಟಿವಿಗಳಲ್ಲಿ ಅದು ಕಡ್ಡಾಯವಾಯಿತು. ಜೊತೆಗೆ ಪರದೆಯ ಮೇಲೆ ವಯಸ್ಸಿನ ಗುರುತೂ ಹಿಂಸೆ, ಲೈಂಗಿಕತೆ, ಒರಟು ಮಾತುಗಳನ್ನು ಸೂಚಿಸುವ ಅಕ್ಷರಗಳೂ ಬಂದವು. ಕೈಸರ್ ಫ್ಯಾಮಿಲಿ ಫೌಂಡೇಶನ್ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಿ-ಚಿಪ್ ಬಳಸಿದ್ದೇವೆ ಎಂದ ಪಾಲಕರು ಶೇ 16 ಮಾತ್ರ. ಪರದೆಯ ಗುರುತನ್ನು ನೋಡಿ ನಿರ್ಧರಿಸಿದ್ದೇವೆ ಎಂದವರು ಅದಕ್ಕಿಂತ ಬಹಳ ಹೆಚ್ಚು. ಕೋಟ್ಯಂತರ ಯಂತ್ರಗಳಲ್ಲಿ ಕೂಡಿಸಿದ ಬೀಗಕ್ಕಿಂತ ಕಣ್ಣಿಗೆ ಕಾಣುವ ಒಂದು ಗುರುತು ಜನರಿಗೆ ಹೆಚ್ಚು ಉಪಯೋಗಕ್ಕೆ ಬಂತು. ನೆದರ್ಲೆಂಡ್ಸ್ 2001ರಲ್ಲಿ ತಂದ ಕೈಕ್‌ವೈಝರ್ ಪದ್ಧತಿ ಇದನ್ನೇ ಪೂರ್ತಿಗೊಳಿಸಿತು. ವಾಹಿನಿಯ ತರಬೇತಿ ಪಡೆದ ಸಿಬ್ಬಂದಿ ನಿಗದಿತ ಪ್ರಶ್ನಾವಳಿಗೆ ಉತ್ತರ ತುಂಬುತ್ತಾರೆ, ಉತ್ತರಗಳಿಂದ ದರ್ಜೆ ತಾನಾಗಿ ಹೊರಬರುತ್ತದೆ. ವಯಸ್ಸಿನ ಅಂಕಿಯ ಪಕ್ಕ ಹಿಂಸೆ, ಭಯ, ಲೈಂಗಿಕತೆ, ತಾರತಮ್ಯ, ಮಾದಕ ವಸ್ತು, ಒರಟು ಮಾತುಗಳಿಗೆ ಒಂದೊಂದು ಚಿತ್ರ ಇರುತ್ತದೆ. ದೂರು ಸಾಬೀತಾದರೆ ದಂಡವೂ ಇದೆ. ಬ್ರೆಜಿಲ್ ಇನ್ನೂ ಒಂದು ಹೆಜ್ಜೆ ಸ್ಪಷ್ಟವಾಗಿದೆ: 2016ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಗೊತ್ತುಪಡಿಸಿದ ಹೊತ್ತು ಮೀರಿ ಪ್ರಸಾರ ಮಾಡಿದ್ದಕ್ಕೆ ವಾಹಿನಿಯನ್ನು ಶಿಕ್ಷಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು; ವಯೋಮಾನದ ಗುರುತನ್ನು ತೋರಿಸುವ ಹೊಣೆಯನ್ನು ಮಾತ್ರ ಹಾಗೇ ಉಳಿಸಿತು. ನಮ್ಮಲ್ಲಿ ಇದರ ತದ್ವಿರುದ್ಧ. ಹೊತ್ತಿನ ನಿರ್ಬಂಧ ಇದೆ, ಗುರುತಿಲ್ಲ.

ಗುರುತು ಏನನ್ನು ಹೇಳಬೇಕು ಎಂಬುದೂ ಅಷ್ಟೇ ಮುಖ್ಯ. ಡಚ್ಚರ ಪಟ್ಟಿಯಲ್ಲಿ ಭಯಕ್ಕೂ ತಾರತಮ್ಯಕ್ಕೂ ಬೇರೆಯದೇ ಚಿತ್ರ ಇರುವುದು ಕನ್ನಡದ ವೀಕ್ಷಕರು ಗಮನಿಸಬೇಕಾದ ಸಂಗತಿ. ನಮ್ಮ ಧಾರಾವಾಹಿಗಳಲ್ಲಿ ರಕ್ತಪಾತ ಕಡಿಮೆ, ಬೆತ್ತಲೆ ದೃಶ್ಯವಂತೂ ಇಲ್ಲವೇ ಇಲ್ಲ. ಸೆನ್ಸಾರಿನ ಹಳೆಯ ಅಳತೆಗೋಲಿನಲ್ಲಿ ಅವು ನಿರಪಾಯ. ಆದರೆ ಮಗಳು ಕಪ್ಪಗಿದ್ದಾಳೆಂದು ಹೀಯಾಳಿಸುವುದು, ಮಕ್ಕಳಾಗದ ಸೊಸೆಯನ್ನು ಮನೆಯವರೆಲ್ಲ ಸೇರಿ ಅವಮಾನಿಸುವುದು, ಅಪಹರಣ, ಮಾಟ-ಮಂತ್ರ, ವಾರಗಟ್ಟಲೆ ಎಳೆಯುವ ಕೊಲೆ ಸಂಚು, ಇವು ಎಳೆಯ ಮನಸ್ಸಿಗೆ ಏನು ಕಲಿಸುತ್ತವೆ ಎಂಬುದನ್ನು ಆ ಅಳತೆಗೋಲು ಕೇಳುವುದೇ ಇಲ್ಲ. ಸುದ್ದಿವಾಹಿನಿಗಳ ಅಪರಾಧ ಕಾರ್ಯಕ್ರಮಗಳ ಸ್ಥಿತಿ ಇನ್ನೂ ಕಠಿಣ. ಕೊಲೆಯ ಸಿಸಿಟಿವಿ ದೃಶ್ಯ ಸುದ್ದಿಯ ಹೆಸರಲ್ಲಿ ಮಧ್ಯಾಹ್ನ ಊಟದ ಹೊತ್ತಿಗೂ ಮತ್ತೆ ಮತ್ತೆ ಬರಬಹುದು. ಅಮೆರಿಕದಲ್ಲೂ ಸುದ್ದಿಗೆ ದರ್ಜೆಯಿಂದ ವಿನಾಯಿತಿ ಇದೆ, ಸುದ್ದಿಯನ್ನು ಮೊದಲೇ ಪರೀಕ್ಷಿಸುವುದು ಸರಕಾರದ ಕೈಗೆ ಅಪಾಯಕರ ಅಧಿಕಾರ ಕೊಟ್ಟಂತೆ ಎಂಬ ಕಾರಣಕ್ಕೆ. ಆ ಕಾರಣ ಒಪ್ಪತಕ್ಕದ್ದೇ. ಆದರೆ ನಡೆದುಹೋದ ಕೊಲೆಯನ್ನು ನಟರಿಂದ ಮಾಡಿಸಿ ಸಂಗೀತ ಕೂಡಿಸಿ ತೋರಿಸುವ ಅರ್ಧ ಗಂಟೆಯ ಕಾರ್ಯಕ್ರಮ ಸುದ್ದಿಯಲ್ಲ, ಅದು ನಾಟಕ. ಅದಕ್ಕೆ ಗುರುತು ಬೇಡವೆನ್ನಲು ಯಾವ ಸಮರ್ಥನೆಯೂ ಇಲ್ಲ.

ದೂರು ಕೊಡಲು ದಾರಿ ಇದೆಯಲ್ಲ ಎಂಬ ಮಾತಿದೆ. ಇದೆ, ಅದೂ ಊರಿನಲ್ಲೇ. ಕೇಬಲ್ ಕಾಯ್ದೆಯ ಪ್ರಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ, ಪೊಲೀಸ್ ಕಮಿಷನರ್ ಅಧಿಕೃತ ಅಧಿಕಾರಿಗಳು. ಎಂದರೆ ಜಮಖಂಡಿಯ ಎ.ಸಿ. ಕಚೇರಿಯಲ್ಲಿ ಕೂತ ಉಪವಿಭಾಗಾಧಿಕಾರಿಗೆ ಸಂಹಿತೆ ಮೀರಿದ ಪ್ರಸಾರವನ್ನು ತಡೆಯುವ ಅಧಿಕಾರವಿದೆ. ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಮಿತಿಗೂ ಅವಕಾಶವಿದೆ. 2021ರ ಜೂನ್‌ನಲ್ಲಿ ತಿದ್ದಿದ ನಿಯಮಗಳಂತೆ ವೀಕ್ಷಕರು ಮೊದಲು ವಾಹಿನಿಗೆ ದೂರು ಕೊಡಬೇಕು, ಅದು 15 ದಿನಗಳೊಳಗೆ ಉತ್ತರಿಸಬೇಕು. ತೃಪ್ತಿಯಾಗದಿದ್ದರೆ ಸ್ವನಿಯಂತ್ರಣ ಸಂಸ್ಥೆ, ಅದರ ಮೇಲೆ ಕೇಂದ್ರ ಸರಕಾರ. ಆದರೆ ಇವೆಲ್ಲ ಪ್ರಸಾರವಾದ ಮೇಲಿನ ಕ್ರಮಗಳು. ಮಗು ನೋಡಿ ಮುಗಿಸಿದ ಕಂತಿನ ಮೇಲೆ ಎರಡು ತಿಂಗಳ ನಂತರ ಬರುವ ಆದೇಶ ಮುಂದಿನ ನಿರ್ಮಾಪಕನಿಗೆ ಎಚ್ಚರಿಕೆ ಆದೀತು, ಆ ಮನೆಗೆ ಅದರಿಂದ ಪ್ರಯೋಜನವಿಲ್ಲ. ಒಬ್ಬ ಅಧಿಕಾರಿ ತನ್ನ ಅಭಿರುಚಿಯ ಮೇಲೆ ಕೇಬಲ್‌ನವರಿಗೆ ನಿರ್ಬಂಧ ಹೇರುವ ಸಾಧ್ಯತೆಯೂ ಇದರೊಳಗಿದೆ. ತಡೆಯುವ ಅಧಿಕಾರ ತಾಲೂಕಿನ ತನಕ ಇಳಿದು ಬಂದಿದೆ, ತಿಳಿಸುವ ಕರ್ತವ್ಯ ಎಲ್ಲಿಯೂ ನೆಲೆ ನಿಂತಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಈ ಸೀಮೆಯ ಪರಂಪರೆಯಿಂದಲೇ ಏಳುವಂಥದ್ದು. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ದೊಡ್ಡಾಟಗಳನ್ನು ಇಲ್ಲಿನ ಜನ ಬೆಳತನಕ ನೋಡಿದವರು. ದೂತಿಯ ಸರಸದ ಮಾತು, ಜಗಳ, ಯುದ್ಧ ಎಲ್ಲವನ್ನೂ ಮಕ್ಕಳು ದೊಡ್ಡವರ ತೊಡೆಯ ಮೇಲೆ ಕೂತೇ ನೋಡಿದರು. ಗದಾಯುದ್ಧ ಬರೆದ ರನ್ನ ಮುಧೋಳದವನು. ಹೀಗಿರುವಾಗ ವಯಸ್ಸಿನ ಗುರುತು ಹೊರಗಿನಿಂದ ತಂದ ಮಡಿವಂತಿಕೆಯಲ್ಲವೇ? ಅಲ್ಲ. ಬಯಲಾಟಕ್ಕೆ ಗುರುತು ಬೇಕಿರಲಿಲ್ಲ, ಏಕೆಂದರೆ ಕಥೆ ಎಲ್ಲರಿಗೂ ಮೊದಲೇ ಗೊತ್ತಿತ್ತು. ಯಾವ ಮೇಳ, ಯಾವ ಪ್ರಸಂಗ, ಯಾವ ಹೊತ್ತಿಗೆ ಯಾವ ಪಾತ್ರ ಎಂಬುದನ್ನು ಊರು ಬಲ್ಲದು. ಬೇಡವೆನಿಸಿದರೆ ಮಗುವನ್ನು ಎತ್ತಿಕೊಂಡು ಎದ್ದು ಹೋಗಬಹುದಿತ್ತು. ನಾಳೆಯ ಕಂತಿನಲ್ಲಿ ಏನಿದೆ ಎಂಬುದು ಟಿವಿ ವಾಹಿನಿಗೆ ಗೊತ್ತು, ಮನೆಗೆ ಗೊತ್ತಿಲ್ಲ. ಊರಿಗೆ ಸಹಜವಾಗಿ ಇದ್ದ ಆ ಮುನ್ನರಿವನ್ನು ತುಂಬಿಕೊಡುವುದೇ ಗುರುತಿನ ಕೆಲಸ. ಹಿಂಸೆಯನ್ನೋ ಶೃಂಗಾರವನ್ನೋ ಕಲೆಯಿಂದ ಹೊರಹಾಕು ಎಂದು ಅದು ಕೇಳುವುದಿಲ್ಲ.

ಎರಡನೆಯ ಆಕ್ಷೇಪ: ಬೇಡವೆಂದದ್ದನ್ನೇ ಮಕ್ಕಳು ಹುಡುಕಿ ನೋಡುತ್ತಾರೆ. ಇದರಲ್ಲಿ ಸತ್ಯಾಂಶವಿದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಟಿವಿ ಹಿಂಸಾ ಅಧ್ಯಯನದಲ್ಲಿ ಜೊಆ್ಯನ್ ಕ್ಯಾಂಟರ್ ಮತ್ತು ಸಂಗಡಿಗರು ಕಂಡದ್ದೂ ಇದನ್ನೇ: ಇಂತಿಷ್ಟು ವಯಸ್ಸಿಗಿಂತ ಕೆಳಗಿನವರಿಗೆ ಸಲ್ಲದು ಎಂಬ ಬಗೆಯ ದರ್ಜೆ ಕೆಲವು ಮಕ್ಕಳ, ಮುಖ್ಯವಾಗಿ ಗಂಡುಹುಡುಗರ ಕುತೂಹಲ ಕೆರಳಿಸಿತು. ಆದರೆ ಒಳಗೆ ಏನಿದೆ ಎಂದು ಸುಮ್ಮನೆ ತಿಳಿಸುವ ಗುರುತು ಹಾಗೆ ಕೆರಳಿಸಲಿಲ್ಲ. ಅಂದರೆ ಈ ಆಕ್ಷೇಪ ನಿಷೇಧದ ದನಿಯ ಗುರುತಿಗೆ ಅನ್ವಯಿಸುತ್ತದೆ, ಮಾಹಿತಿಯ ಗುರುತನ್ನು ಬಲಪಡಿಸುತ್ತದೆ. ವಯಸ್ಸಿನ ಅಂಕಿಯೊಂದೇ ಸಾಲದು, ಕಾರಣವೂ ಜೊತೆಗಿರಬೇಕು ಎಂಬುದಕ್ಕೆ ಇದೇ ಆಧಾರ.

ಮೂರನೆಯದು ನಂಬಿಕೆಯ ಪ್ರಶ್ನೆ. ತನ್ನ ಕಾರ್ಯಕ್ರಮಕ್ಕೆ ತಾನೇ ದರ್ಜೆ ಕೊಡುವ ವಾಹಿನಿ ಜಾಹೀರಾತು ತಪ್ಪೀತೆಂದು ಸೌಮ್ಯ ದರ್ಜೆಯನ್ನೇ ಹಾಕಿಕೊಳ್ಳುತ್ತದೆ. ಅಮೆರಿಕದಲ್ಲಿ ಈ ದೂರು ಹಳೆಯದು. 2019ರಲ್ಲಿ ಅಲ್ಲಿನ ಸಂಪರ್ಕ ಆಯೋಗವೇ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ದರ್ಜೆಗಳ ಉಸ್ತುವಾರಿ ಮಂಡಳಿ ಜನರಿಗೆ ಸಾಕಷ್ಟು ತೆರೆದಿಲ್ಲ ಎಂದು ಹೇಳಿತು. ಹಾಗೆಂದು ಪ್ರತಿ ಕಂತನ್ನೂ ಸೆನ್ಸಾರ್ ಮಂಡಳಿಯ ಮುಂದೆ ಇಡುವುದು ದಿನವಹಿ ಧಾರಾವಾಹಿಯ ಕಾಲದಲ್ಲಿ ಆಗದ ಮಾತು, ಆಗಲೂಬಾರದು. ಡಚ್ಚರ ಮಧ್ಯದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಉತ್ತರ ತುಂಬುವವರು ವಾಹಿನಿಯವರು, ಪ್ರಶ್ನೆ ಕೇಳುವವರು ಹೊರಗಿನ ತಜ್ಞರು, ತಪ್ಪು ಉತ್ತರಕ್ಕೆ ದಂಡ. ಗುರುತು ನಂಬಿಕೆಗೆ ಅರ್ಹವಾದರೆ ಕಲಾವಿದರಿಗೂ ಲಾಭ. ಈಗ ದೊಡ್ಡವರ ಚಿತ್ರವೊಂದು ಟಿವಿಗೆ ಬರಬೇಕಾದರೆ ಕತ್ತರಿ ಹಾಕಿಸಿಕೊಂಡು ಹೊಸ ಪ್ರಮಾಣಪತ್ರ ಪಡೆಯಬೇಕು. ವೀಕ್ಷಕರಿಗೆ ಸರಿಯಾಗಿ ತಿಳಿಸುವ ವ್ಯವಸ್ಥೆಯಲ್ಲಿ ಕತ್ತರಿಯ ಅಗತ್ಯ ಕಡಿಮೆಯಾಗುತ್ತದೆ.

2023ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ಪ್ರಸಾರ ಸೇವೆಗಳ ಮಸೂದೆಯ ಕರಡಿನಲ್ಲಿ ಕಾರ್ಯಕ್ರಮ ವರ್ಗೀಕರಣದ ಪ್ರಸ್ತಾವ ಇತ್ತು. ಆ ಕರಡಿನ ಬೇರೆ ಅಂಶಗಳ ಬಗ್ಗೆ ಎದ್ದ ಆತಂಕಗಳು ನ್ಯಾಯವಾದವು. ಆದರೆ ಈ ಒಂದು ಸುಧಾರಣೆಗೆ ಇಡೀ ಮಸೂದೆಯನ್ನು ಕಾಯಬೇಕಿಲ್ಲ. ಆ್ಯಪ್‌ಗಾಗಿ ದರ್ಜೆ ಕೊಡುವ ಕೆಲಸವನ್ನು ಅದೇ ವಾಹಿನಿಗಳು ಈಗಾಗಲೇ ಮಾಡುತ್ತಿವೆ. ಆ ದರ್ಜೆಯನ್ನು ಅದೇ ಕಂತಿನ ಟಿವಿ ಪ್ರಸಾರದಲ್ಲೂ, ಶುರುವಿನಲ್ಲಿ ಮತ್ತು ಪ್ರತಿ ಜಾಹೀರಾತಿನ ನಂತರ, ವಯಸ್ಸಿನ ಅಂಕಿ, ಕಾರಣದ ಚಿತ್ರ, ಒಂದು ಸಾಲು ಕನ್ನಡದೊಂದಿಗೆ ತೋರಿಸಬೇಕೆಂದು ಕೇಬಲ್ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು. ಜಿ ಎಂಬ ಒಂದೇ ದರ್ಜೆಯನ್ನು ಒಡೆದು ಪಾಲಕರ ಗಮನ ಬೇಕಾದವನ್ನು ಬೇರೆ ಮಾಡಬೇಕು. ನಟರಿಂದ ಮಾಡಿಸಿದ ಅಪರಾಧ ಕಥನವನ್ನು ಸುದ್ದಿಯ ವಿನಾಯಿತಿಯಿಂದ ಹೊರತರಬೇಕು. ವೀಕ್ಷಕರೂ ಸುಮ್ಮನಿರಬಾರದು; ದೂರು ಕೊಡುವ ಹಕ್ಕು ಎಲ್ಲರಿಗೂ ಇದೆ, ವಾಹಿನಿ ಉತ್ತರಿಸಲೇಬೇಕು. ಅಂಥ ಪ್ರತಿ ದೂರಿನಲ್ಲೂ ಈ ಒಂದು ಪ್ರಶ್ನೆಯನ್ನು ಸೇರಿಸಿ: ಆ್ಯಪ್‌ನಲ್ಲಿ ಹಾಕಿದ ಗುರುತನ್ನು ಟಿವಿಯಲ್ಲಿ ಏಕೆ ಹಾಕಿಲ್ಲ?