ಸ್ಪೀಡೋಮೀಟರ್ ಹೇಳದ ವೇಗ

ಹೊಸದಾಗಿ ಮೋಟಾರ್ ಸೈಕಲ್ ಕಲಿತವರಿಗೆ ದೊರೆಯುವ ಉಪದೇಶ ಬಹುಮಟ್ಟಿಗೆ ಒಂದೇ: ಬೇಗ ಟಾಪ್ ಗೇರಿಗೆ ಹಾಕಿ, ನಲವತ್ತು-ಐವತ್ತರಲ್ಲಿ ಹೋಗಿ, ಎಂಜಿನ್ ಕಿರುಚಲು ಬಿಡಬೇಡಿ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ವಾಹನ ಚಾಲಕರಿಗೆಂದು ಪ್ರಚಾರ ಮಾಡುತ್ತ ಬಂದಿರುವ ಗಂಟೆಗೆ 45-55 ಕಿ.ಮೀ. ಎಂಬ ಅಂಕಿಯೂ ಇದೇ ಬಗೆಯದು. ಸಮತಟ್ಟಾದ ರಸ್ತೆಯಲ್ಲಿ ಇದು ತಪ್ಪಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಾಗ ಅದರೊಳಗಿನ ಘರ್ಷಣೆಯ ನಷ್ಟವೂ ಕಡಿಮೆ. ಆದರೆ ಈ ಉಪದೇಶ ಚಕ್ರದ ವೇಗವನ್ನಷ್ಟೇ ಹೇಳುತ್ತದೆ. ಸವಾರನ ಕೈಗೆ, ಕಿವಿಗೆ ತಾಗುವುದು ಎಂಜಿನ್ನಿನ ವೇಗ.

'ಕಿರುಚುವ' ಎಂಜಿನ್ ಸವೆಯುತ್ತದೆ ಎಂಬ ಭಯವನ್ನೇ ಮೊದಲು ಪರೀಕ್ಷಿಸೋಣ. ಬಿಎಸ್-6 ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ನಿನಲ್ಲಿ ಸ್ಟ್ರೋಕ್ 49.5 ಮಿ.ಮೀ.; ಅದರ ಗರಿಷ್ಠ ಟಾರ್ಕ್ ನಿಮಿಷಕ್ಕೆ 6000 ಸುತ್ತಿನಲ್ಲಿ. 346 ಸಿಸಿ ಯುಸಿಇ ಬುಲೆಟ್‌ನ ಸ್ಟ್ರೋಕ್ 90 ಮಿ.ಮೀ.; ಗರಿಷ್ಠ ಟಾರ್ಕ್ 4000 ಸುತ್ತಿನಲ್ಲಿ. ಪ್ರತಿ ಸುತ್ತಿಗೆ ಪಿಸ್ಟನ್ ಎರಡು ಸ್ಟ್ರೋಕ್ ಕ್ರಮಿಸುತ್ತದೆ. ಲೆಕ್ಕ ಮಾಡಿದರೆ ಸ್ಪ್ಲೆಂಡರ್‌ನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9.9 ಮೀ., ಬುಲೆಟ್‌ನದು 12 ಮೀ. ಗಂಭೀರವಾಗಿ ಡುಗುಡುಗು ಎನ್ನುವ ಎಂಜಿನ್ನಿನಲ್ಲೇ ಪಿಸ್ಟನ್ ಹೆಚ್ಚು ವೇಗವಾಗಿ ಓಡುತ್ತಿದೆ! ಕಿವಿ ಇಲ್ಲಿ ನಂಬಿಕೆಗೆ ಅರ್ಹವಲ್ಲ.

ಇನ್ನು ಟಾಪ್ ಗೇರಿನ ಮಾತು. 100 ಸಿಸಿ ಬೈಕಿನ ಹಿಂಚಕ್ರದ ಸುತ್ತಳತೆ ಸುಮಾರು 1.85 ಮೀ., ಟಾಪ್ ಗೇರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವಣ ಒಟ್ಟು ಅನುಪಾತ 11 ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ಎಂದರೆ ನಿಮಿಷಕ್ಕೆ 833 ಮೀ.; ಚಕ್ರ 450 ಸುತ್ತು, ಎಂಜಿನ್ ಸುಮಾರು 4950 ಸುತ್ತು. ಚೆನ್ನಾಗಿದೆ. ಈಗ ಇದೇ ಬೈಕಿನಲ್ಲಿ ಇಬ್ಬರು ಕುಳಿತು ಚಾರ್ಮಾಡಿ ಘಾಟಿ ಹತ್ತುತ್ತಿದ್ದಾರೆ, ವೇಗ 30ಕ್ಕೆ ಇಳಿದಿದೆ, ಗೇರ್ ಮಾತ್ರ ಟಾಪ್‌ನಲ್ಲೇ ಇದೆ. ಎಂಜಿನ್ 3000ಕ್ಕಿಂತ ಕೆಳಗೆ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ದಹನ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 25 ತಳ್ಳು. ಸವಾರ ಆಕ್ಸಿಲರೇಟರ್ ಪೂರ್ತಿ ತಿರುಗಿಸುತ್ತಾನೆ. ಬೈಕು ಜಗ್ಗುತ್ತದೆ, ಚೈನು ಬಡಿಯುತ್ತದೆ, ಎಂಜಿನ್ ಕುಟ್ಟಲೂಬಹುದು. ಹಿಂದೆ ಲಾರಿಯಿದ್ದರೆ ಓವರ್‌ಟೇಕ್ ಹಾಗಿರಲಿ, ದಾರಿ ಬಿಡಲೂ ಶಕ್ತಿ ಉಳಿದಿರುವುದಿಲ್ಲ. ಒಟ್ಟು ಅನುಪಾತ 14 ಇರುವ ಮೂರನೆಯ ಗೇರಿಗೆ ಇಳಿಸಿದರೆ ಅದೇ ವೇಗದಲ್ಲಿ ಎಂಜಿನ್ 3780 ಸುತ್ತು ತಿರುಗುತ್ತದೆ. ಪೆಟ್ರೋಲ್ ಉಳಿಸುವ ಸೂತ್ರ ಈ ಸನ್ನಿವೇಶದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೇಲಿನ ಮಿತಿಯನ್ನು ನಿರ್ಧರಿಸುವುದು ಕಂಪನ. ಪಿಸ್ಟನ್ನಿನ ಅಸಮತೋಲನದ ಬಲ ಸುತ್ತಿನ ವರ್ಗಕ್ಕೆ ಅನುಗುಣ: 5000ದಿಂದ 7000ಕ್ಕೆ ಏರಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ. ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುವುದು ಇದರಿಂದಲೇ.

ಟ್ಯಾಕೋಮೀಟರ್ ಇರುವ ಬೈಕುಗಳಲ್ಲೂ ಕೆಂಪು ಗೆರೆ ಮೇಲೆ ಎಲ್ಲಿಗೆ ಹೋಗಬಾರದು ಎಂದಷ್ಟೇ ಸೂಚಿಸುತ್ತದೆ; ಕೆಳಗೆ ಎಲ್ಲಿಗೆ ಇಳಿಯಬಾರದು ಎಂಬುದಕ್ಕೆ ಗೆರೆಯೇ ಇಲ್ಲ. ಹೊಸಬರು ತಪ್ಪುವುದು ಹೆಚ್ಚಾಗಿ ಕೆಳಗಡೆಯೇ. ನನ್ನ ಅಂದಾಜಿನಂತೆ, ಗರಿಷ್ಠ ಸಾಮರ್ಥ್ಯ ದೊರೆಯುವ ಸುತ್ತಿನ ಅರ್ಧದಿಂದ ಮೂರನೆಯ ಎರಡು ಭಾಗದವರೆಗಿನ ಪಟ್ಟಿ ದೂರ ಪ್ರಯಾಣಕ್ಕೆ ಹಿತ. 8000 ಸುತ್ತಿನಲ್ಲಿ ಗರಿಷ್ಠ ಸಾಮರ್ಥ್ಯ ನೀಡುವ ಸ್ಪ್ಲೆಂಡರ್‌ಗೆ ಇದು 4000-5300. 5250ರ ಬುಲೆಟ್‌ಗೆ 2600-3500. ಇದರೊಳಗೆ ಕನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗದೆ ಕಾಣುವ, ಆಕ್ಸಿಲರೇಟರ್ ತುಸು ತಿರುಗಿಸಿದೊಡನೆ ಜಗ್ಗದೆ ವೇಗ ಏರುವ ಜಾಗವನ್ನು ಸವಾರನೇ ಹುಡುಕಿಕೊಳ್ಳಬೇಕು.

ಟ್ಯಾಕೋಮೀಟರ್ ಇಲ್ಲದಿದ್ದರೂ ತೊಂದರೆಯಿಲ್ಲ. ಪ್ರೈಮರಿ, ಗೇರ್ ಮತ್ತು ಚೈನಿನ ಅನುಪಾತಗಳನ್ನು ಗುಣಿಸಿದರೆ ಒಟ್ಟು ಅನುಪಾತ ಸಿಗುತ್ತದೆ. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಬೈಕನ್ನು ಒಂದು ಸುತ್ತು ತಳ್ಳಿ ನೆಲದ ಮೇಲೆ ಅಳೆದರೆ ಸುತ್ತಳತೆ. ಒಂಬತ್ತನೆಯ ತರಗತಿಯವರೂ ಮಾಡಬಹುದಾದ ಲೆಕ್ಕ. ಪ್ರತಿ ಗೇರಿಗೂ ಒಂದು ಸಾಲಿನಂತೆ ಕೋಷ್ಟಕ ಬರೆಯಿಸಿ. ಹಿಂದಿನ ಸ್ಪ್ರಾಕೆಟ್ ಬದಲಾಯಿಸಿದ್ದರೆ ಮಾತ್ರ ಹಲ್ಲುಗಳನ್ನು ಮತ್ತೊಮ್ಮೆ ಎಣಿಸಬೇಕು.